ಹುಲಿ ಮರಳಿ ಬರುವ ಮುನ್ನ

2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದ ಚಿತ್ರವನ್ನು ನೀವು ನೋಡಿದ್ದೀರಿ. ನೋಡಿ ಮರುಗಿದಿರಿ, ನಾಲ್ಕು ಜನರಿಗೆ ಕಳಿಸಿದಿರಿ, ವಿಷವಿಟ್ಟ ಕೈಗಳನ್ನು ಶಪಿಸಿದಿರಿ. ಆ ಮರುಕ ಸುಳ್ಳೆಂದು ನಾನು ಹೇಳಲಾರೆ. ನನ್ನ ಕಣ್ಣೂ ತುಂಬಿತ್ತು. ಆದರೆ ಅಲ್ಲಿ ಸತ್ತಿದ್ದ ಇನ್ನೊಂದು ಜೀವ, ಹುಲಿ ಹೊಡೆದ ಆ ಹಸು, ನಿಮ್ಮ ಕಣ್ಣಿಗೆ ಬಿತ್ತೇ? ವಿಷ ಹಾಕಿದ್ದು ಅದರ ಕಳೇಬರಕ್ಕೆ.

ಹುಲಿ ಹಸುವನ್ನು ಹೊಡೆದರೆ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಮರೆಗೆ ಸರಿದು, ಕತ್ತಲು ಕವಿದಾಗ ಮರಳಿ ಬರುತ್ತದೆ. ಮರಿಗಳಿದ್ದರೆ ಅವನ್ನೂ ಕರೆತರುತ್ತದೆ. ಹೋಗಿ ಬರುವ ನಡುವಿನ ಆ ಹೊತ್ತಿನಲ್ಲಿ ಕಾಡಂಚಿನ ಮನೆಯೊಂದರಲ್ಲಿ ಕರು ಅಂಬಾ ಎನ್ನುತ್ತಿರುತ್ತದೆ, ಡೇರಿಗೆ ಹಾಲು ಹಾಕಿ ಸಂಘದ ಸಾಲದ ಕಂತು ಕಟ್ಟುತ್ತಿದ್ದ ಹೆಂಗಸು ಬರಿದಾದ ಹಗ್ಗ ಹಿಡಿದು ಜಗಲಿಯ ಮೇಲೆ ಕೂತಿರುತ್ತಾಳೆ, ಯಾರಾದರೂ ಬಂದಾರೇ ಎಂದು ದಾರಿ ನೋಡುತ್ತಿರುತ್ತಾಳೆ. ಹುಲಿ ಮರಳಿ ಬರುವ ಮುನ್ನ ಯಾರಾದರೂ ಬಂದು, ಹಸು ಸತ್ತ ಜಾಗ ನೋಡಿ, ಮಹಜರು ಬರೆದು, ಅವಳ ಕೈಗೆ ಒಂದಿಷ್ಟು ಹಣವನ್ನೂ ಧೈರ್ಯವನ್ನೂ ಕೊಟ್ಟು ಹೋದರೆ ಆ ದುಃಖ ದುಃಖವಾಗಿಯೇ ಉಳಿಯುತ್ತದೆ. ಯಾರೂ ಬಾರದಿದ್ದರೆ ಅದು ವಿಷದ ಬಾಟಲಿಯ ಕಡೆ ಕೈ ಚಾಚುತ್ತದೆ.

ಹೀಗೆ ಹೊತ್ತಿಗೆ ಸರಿಯಾಗಿ ಬಂದು ನೆರವಾಗುವುದು ಆಗದ ಮಾತೇನಲ್ಲ. ಬಂಡೀಪುರ, ನಾಗರಹೊಳೆಯ ಸುತ್ತಿನ ಹಳ್ಳಿಗಳಲ್ಲಿ 2015ರಿಂದ 'ವೈಲ್ಡ್ ಸೇವೆ' ಎಂಬ ಕಾರ್ಯಕ್ರಮ ನಡೆದಿದೆ. ದನ ಸತ್ತರೆ, ಬೆಳೆ ಹಾಳಾದರೆ ಜನ ಉಚಿತ ಸಹಾಯವಾಣಿಗೆ ಕರೆ ಮಾಡುತ್ತಾರೆ. ಕಾರ್ಯಕರ್ತರು ಬಂದು ಫೋಟೊ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಜೋಡಿಸಿ, ಸರ್ಕಾರದ ಪರಿಹಾರಕ್ಕೆ ಅರ್ಜಿ ತುಂಬಿಕೊಡುತ್ತಾರೆ. ಓದು ಬಾರದವರಿಗೆ, ದಿನದ ಕೂಲಿ ಬಿಟ್ಟು ಕಚೇರಿ ಅಲೆಯಲಾಗದವರಿಗೆ ಈ ನೆರವು ಎಷ್ಟು ದೊಡ್ಡದೆಂದು ನೀವು ಬಲ್ಲಿರಿ. ಗಟ್ಟಿ ಗೋಡೆ, ಮಾಡು, ಬಾಗಿಲು ಇರುವ ಕೊಟ್ಟಿಗೆಗೆ ಚಿರತೆ ನುಗ್ಗಲಾರದೆಂದೂ ಬಲ್ಲಿರಿ. ಬಲ್ಲೆವು, ಎಲ್ಲವನ್ನೂ ಬಲ್ಲೆವು, ಬಲ್ಲ ನಾವೇ ಮುಖ ತಿರುಗಿಸಿದ್ದೇವೆ.

1973ರಲ್ಲಿ ಹುಲಿ ಯೋಜನೆ ಬಂಡೀಪುರಕ್ಕೆ ಬಂತು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563. ಈ ಸಂಖ್ಯೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಯ ಬೆಲೆಯನ್ನು ಹಸುವಾಗಿ, ಮೇಕೆಯಾಗಿ, ಕೆಲವೊಮ್ಮೆ ಮನೆಯ ಮಗನಾಗಿ ತೆರುತ್ತಿರುವವರು ಬೇರೆಯವರು. ಅವರು ಹುಲಿಯ ಶತ್ರುಗಳಾಗಿ ಹುಟ್ಟಿದವರಲ್ಲ. ಹುಲಿಯನ್ನೇರಿ ಎಪ್ಪತ್ತೇಳು ಮಲೆ ಆಳಿದ ಮಾದಪ್ಪನಿಗೆ ಉಘೇ ಎನ್ನುವ ಜನ; ಬಿಳಿಗಿರಿಯ ಸೋಲಿಗರಿಗೆ ಹುಲಿವೀರಪ್ಪನೇ ದೇವರು. ಅಂಥ ನೆಲದಲ್ಲಿ ಹಸುವಿನ ಮೈಗೆ ವಿಷ ಬಿತ್ತೆಂದರೆ, ಅದಕ್ಕೆ ಮುಂಚೆ ಎಷ್ಟು ಸಲ ಅವರ ಕೂಗಿಗೆ ಓಗೊಡದೆ ಹೋದೆವೋ! ವಿಷವಿಟ್ಟದ್ದು ಅಪರಾಧವೇ, ಶಿಕ್ಷೆಯೂ ಆಗಲಿ. ಆದರೆ ಶಿಕ್ಷೆ ಹುಲಿ ಸತ್ತ ಮೇಲೆ ಬರುವಂಥದು.

ಅದಕ್ಕೇ ಬೇಡಿಕೊಳ್ಳುತ್ತೇನೆ. ಸಫಾರಿಗೆ ಹೋದಾಗ ಹುಲಿ ಕಂಡಿತೇ ಎಂದು ಕೇಳುವ ನೀವು, ಈ ವಲಯದಲ್ಲಿ ಎಷ್ಟು ಪರಿಹಾರದ ಅರ್ಜಿಗಳು ಬಾಕಿ ಇವೆ ಎಂದೂ ಕೇಳಿ. ಕೊಟ್ಟ ಹಣದಲ್ಲಿ ಇನ್ನೊಂದು ಹಸು ಬಂದೀತೇ ಎಂದು ಕೇಳಿ. ರಾತ್ರಿಯಿಡೀ ಕಾಡು ಕಾಯುವ ಗುತ್ತಿಗೆ ವಾಚರ್‌ಗೆ ಈ ತಿಂಗಳ ಸಂಬಳ ಸಿಕ್ಕಿತೇ ಎಂದು ಕೇಳಿ. ನಿಮ್ಮ ಶಾಸಕರನ್ನು ಕೇಳಿ, ಇಲಾಖೆಗೆ ಬರೆಯಿರಿ, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಮರಿಗಳಿಗೆ ಬಾಯಿಲ್ಲ, ಹಸುವಿಗೆ ಬಾಯಿಲ್ಲ, ಜಗಲಿಯ ಮೇಲೆ ಕೂತವಳಿಗೆ ಬಾಯಿದ್ದರೂ ಕೇಳುವ ಕಿವಿಯಿಲ್ಲ; ನಿಮಗೆ ಎರಡೂ ಇವೆ.

ಇವತ್ತು ಸಂಜೆಯೂ ಕಾಡಂಚಿನ ಯಾವುದೋ ಕೊಟ್ಟಿಗೆಗೆ ಒಂದು ಹಸು ಮರಳಿ ಬಾರದೆ ಹೋದೀತು. ಹುಲಿ ಮರಳಿ ಬರುವ ಮುನ್ನ ಆ ಮನೆಗೆ ಒಬ್ಬರು ತಲುಪುವಂತೆ ಮಾಡಿ.