ಅಗಳಿ ಇಲ್ಲದ ಬಾಗಿಲು

ಹಿತ್ತಲ ಬಾಗಿಲಿಗೂ ಅಗಳಿ ಹಾಕಿ ಮಲಗುವ ಮನೆಗಳಲ್ಲಿ ಮೊಬೈಲು ಮಾತ್ರ ಹಗಲಿರುಳೂ ತೆರೆದೇ ಇರುತ್ತದೆ. ವಿದ್ಯಾರ್ಥಿವೇತನದ ಕಾಲ ಬಂತೆಂದರೆ ಪೋಷಕರು ಮಗುವಿನ ಆಧಾರ್, ಪಾಸ್‌ಬುಕ್‌ಗಳ ಚಿತ್ರವನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೇ ಹಾಕಿಬಿಡುವುದನ್ನು ನಾವು ಕಾಣುತ್ತಿದ್ದೇವೆ. ಅದು ಎಷ್ಟು ಫೋನುಗಳಲ್ಲಿ ಉಳಿಯಿತೆಂದು ಬಲ್ಲವರಾರು? ಗುರುತಿಗಷ್ಟೇ ಬೇಕಾದಲ್ಲಿ, ಕೊನೆಯ 4 ಅಂಕಿಗಳನ್ನು ಮಾತ್ರ ತೋರುವ ಪ್ರತಿಯು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೇ ದೊರೆಯುತ್ತದೆ. ಟಾರ್ಚ್ ಬೆಳಗಿಸುವ ಆ್ಯಪ್‌ಗೆ ಬಂಧುಬಳಗದ ದೂರವಾಣಿ ಸಂಖ್ಯೆಗಳೇಕೆ? ಕೊಟ್ಟ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಹಿಂಪಡೆಯಬಹುದು. ಕಂಪ್ಯೂಟರಿನಲ್ಲಿ ಮನೆಯ ಒಬ್ಬೊಬ್ಬರಿಗೂ ಬೇರೆ ಖಾತೆ, ಬೇರೆ ಗುಪ್ತಪದವಿರಲಿ.

“ನಮ್ಮಲ್ಲಿ ಮುಚ್ಚಿಡಲು ಏನಿದೆ ಮಾಸ್ತರರೇ?” ಎನ್ನುವವರುಂಟು. 2012ರಲ್ಲಿ ಆಧಾರನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.