ಮೋಡದಲ್ಲಿಟ್ಟ ಗಂಟು

ಹಿರಿಯರೊಬ್ಬರು ರಾತ್ರಿಯ ಊಟ ಮುಗಿಸಿ ಆರಾಮಕುರ್ಚಿಯಲ್ಲಿ ಕುಳಿತಿದ್ದಾರೆ. ಕೈಯಲ್ಲಿರುವ ಮೊಬೈಲು ಇದ್ದಕ್ಕಿದ್ದಂತೆ ಒಂದು ಎಚ್ಚರಿಕೆಯನ್ನು ತೋರಿಸುತ್ತದೆ. ಕನ್ನಡಕವನ್ನು ಸರಿಪಡಿಸಿಕೊಂಡು ಎರಡು ಸಲ ಓದಿದರೂ ಅರ್ಥವಾಗದಿರಲು ಮೊಮ್ಮಗಳನ್ನು ಕರೆಯುತ್ತಾರೆ.

"ಜಾಗ ತುಂಬಿಹೋಗಿದೆಯಂತೆ, ತಾತ. ಹಳೆಯ ಫೋಟೋಗಳನ್ನು ಅಳಿಸಬೇಕು. ಇಲ್ಲದಿದ್ದರೆ ತಿಂಗಳು ತಿಂಗಳೂ ದುಡ್ಡು ಕಟ್ಟಬೇಕು."

"ಫೋಟೋ ನಮ್ಮದೇ ಅಲ್ಲವೇನಮ್ಮ? ಯಾರಿಗೆ ಕಟ್ಟುವುದು ದುಡ್ಡು?"

"ಕ್ಲೌಡಿಗೆ, ತಾತ."

ತಾತನವರು ಕಿಟಕಿಯ ಆಚೆಗೆ ಒಮ್ಮೆ ಕಣ್ಣು ಹಾಯಿಸುತ್ತಾರೆ, ಮೊಮ್ಮಗಳು ನಗುತ್ತಾಳೆ.

ಇಂದು ಪಟ್ಟಣದ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಭಾಷಣೆ ಇದು. ನಗೆಯ ಮಾತು ಹಾಗಿರಲಿ. ಹಿರಿಯರು ಕೇಳಿದ ಪ್ರಶ್ನೆ ಮಾತ್ರ ತೂಕವುಳ್ಳದ್ದು. ಮದುವೆ ಮುಂಜಿಗಳ ಚಿತ್ರ, ಮಕ್ಕಳ ಅಂಕಪಟ್ಟಿ, ಮನೆಯ ಕ್ರಯಪತ್ರದ ಪ್ರತಿ, ತೀರಿಕೊಂಡವರ ಧ್ವನಿ, ಇವೆಲ್ಲವೂ ಈಗ ಮನೆಯ ಬೀರುವಿನಲ್ಲಿಲ್ಲ. ಹಾಗಾದರೆ ಎಲ್ಲಿವೆ? ಯಾರ ವಶದಲ್ಲಿವೆ?

ಮೋಡವೆಂಬ ಹೆಸರನ್ನು ಕೇಳಿದರೆ ಯಾವನೋ ಕವಿಯ ಕಲ್ಪನೆಯಿರಬೇಕೆಂದು ತೋರುತ್ತದೆ. ಕಾಳಿದಾಸನ ಯಕ್ಷನು ಮೇಘದ ಕೈಯಲ್ಲಿ ಸಂದೇಶವನ್ನು ಕಳುಹಿಸಿದನಷ್ಟೆ. ಗಂಟನ್ನು ಇರಿಸಿಕೊಳ್ಳೆಂದು ಕೊಡಲಿಲ್ಲ. ಈ ಮೋಡ ಎಂಜಿನಿಯರುಗಳು ಕರುಣಿಸಿದ್ದು. ಗಣಕಯಂತ್ರಗಳ ಜಾಲವನ್ನು ನಕ್ಷೆಯಲ್ಲಿ ತೋರಿಸುವಾಗ ಒಳಗಿನ ತಂತಿ-ತೊಡಕುಗಳನ್ನೆಲ್ಲ ಬಿಡಿಸಿ ಬರೆಯುವ ಗೋಜಿಗೆ ಹೋಗದೆ ಅವರು ಮೋಡದಾಕಾರದ ಒಂದು ಗೆರೆಯನ್ನೆಳೆದು ಮುಂದೆ ಸಾಗುತ್ತಿದ್ದರು. ಇದರೊಳಗೆ ಏನಿದೆಯೆಂಬುದನ್ನು ನೋಡುವವನು ತಿಳಿಯಬೇಕಾದುದಿಲ್ಲ ಎಂದು ಅದರ ಅರ್ಥ. 2006ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಯಂತ್ರಗಳಲ್ಲಿನ ಜಾಗವನ್ನು ಇತರರಿಗೆ ಬಾಡಿಗೆಗೆ ಕೊಡಲಾರಂಭಿಸಿತು. ಆ ಗೆರೆಯೇ ಕ್ರಮೇಣ ಒಂದು ದೊಡ್ಡ ವ್ಯಾಪಾರದ ಹೆಸರಾಯಿತು.

ಮೋಡದ ಒಳಹೊಕ್ಕು ನೋಡಿದರೆ ಕಾಣುವುದು ನೆಲದ ಮೇಲಿನ ಕಟ್ಟಡವೇ. ಸಾಲುಗಪಾಟುಗಳಲ್ಲಿ ಜೋಡಿಸಿದ ಸಾವಿರಾರು ಯಂತ್ರಗಳು, ಅವುಗಳ ಕಾವನ್ನು ಕಳೆಯಲು ನೀರು ಮತ್ತು ಗಾಳಿ, ವಿದ್ಯುತ್ತು ನಿಂತ ಗಳಿಗೆಗೆ ಆಸರೆಯಾಗಿ ಬ್ಯಾಟರಿಗಳು, ಬಾಗಿಲಲ್ಲಿ ಕಾವಲು. ಫಿನ್‌ಲೆಂಡಿನ ಹಾಮಿನಾ ಎಂಬ ಕಡಲತಡಿಯ ಊರಿನಲ್ಲಿ ಗೂಗಲ್ ಸಂಸ್ಥೆಯ ಇಂತಹ ಒಂದು ಕೇಂದ್ರವುಂಟು. ಅದು ಮೊದಲು ಕಾಗದದ ಗಿರಣಿಯಾಗಿದ್ದಿತು. 2008ರಲ್ಲಿ ಗಿರಣಿ ಮುಚ್ಚಿತು. ಮರುವರ್ಷ ಗೂಗಲ್ ಅದನ್ನು ಕೊಂಡು, ಗಿರಣಿಗಾಗಿ ತೋಡಿದ್ದ ಹಳೆಯ ಸುರಂಗದಿಂದಲೇ ಸಮುದ್ರದ ತಣ್ಣೀರನ್ನು ತಂದು ಯಂತ್ರಗಳನ್ನು ತಂಪಾಗಿಡುವ ಏರ್ಪಾಡು ಮಾಡಿತು. ಕಾಗದ ಮಾಡುತ್ತಿದ್ದ ಮನೆಯೇ ಕಾಗದವನ್ನು ಬೇಡವೆನಿಸಿದ ಯಂತ್ರಗಳ ಮನೆಯಾದದ್ದು ವಾರಪತ್ರಿಕೆಯ ಓದುಗರಿಗೆ ಅಷ್ಟೇನೂ ಹಿತವಾದ ಸುದ್ದಿಯಲ್ಲ!

ಎಲ್ಲರೂ ಒಂದೇ ದೊಡ್ಡ ಯಂತ್ರವನ್ನು ಹಂಚಿಕೊಂಡು ಬಳಸುವ ಆಲೋಚನೆ ಹೊಸದೇನೂ ಅಲ್ಲ. ನೀರಿನಂತೆ, ದೂರವಾಣಿಯಂತೆ, ಗಣನೆಯೂ ಒಂದು ಸಾರ್ವಜನಿಕ ಸೌಕರ್ಯವಾದೀತೆಂದು ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ 1961ರಲ್ಲಿಯೇ ಹೇಳಿದ್ದರು. ಆ ಕಾಲದಲ್ಲಿ ಗಣಕಯಂತ್ರವೆಂದರೆ ವಿಶ್ವವಿದ್ಯಾನಿಲಯದ ಅಥವಾ ದೊಡ್ಡ ಕಂಪೆನಿಯ ಒಂದು ಇಡೀ ಕೊಠಡಿಯನ್ನು ತುಂಬಿದ ಯಂತ್ರ. ಅದರ ಬಳಿಗೆ ಸುಮ್ಮನೆ ಹೋಗುವಂತಿರಲಿಲ್ಲ. ರಂಧ್ರ ಹೊಡೆದ ರಟ್ಟಿನ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಉತ್ತರ ಬರುವವರೆಗೆ ಕಾಯಬೇಕಾಗಿದ್ದಿತು. ರಟ್ಟಿನಲ್ಲಿ ಒಂದು ತಪ್ಪಿದ್ದರೆ ಮರುದಿನ ಮತ್ತೆ ಬಂದು ಸರದಿಯಲ್ಲಿ ನಿಲ್ಲಬೇಕಾಗಿದ್ದಿತು.

ಈ ಕಾಯುವಿಕೆಗೆ ಬೇಸತ್ತವರ ಬಂಡಾಯವೇ ಪರ್ಸನಲ್ ಕಂಪ್ಯೂಟರ್. 1975ರ ಜನವರಿಯಲ್ಲಿ ಅಮೆರಿಕದ ಒಂದು ಹವ್ಯಾಸಿ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪೆಟ್ಟಿಗೆಯ ಚಿತ್ರ ಬಂದಿತು. ಬಿಡಿಭಾಗಗಳನ್ನು ಅಂಚೆಯಲ್ಲಿ ತರಿಸಿಕೊಂಡು ಮನೆಯಲ್ಲಿಯೇ ಬೆಸುಗೆ ಹಾಕಿಕೊಳ್ಳಬೇಕಾದ ಯಂತ್ರ ಅದು. 1977ರಲ್ಲಿ ಆಪಲ್ 2 ಬಂದಿತು. 1981ರ ಆಗಸ್ಟ್ 12ರಂದು ಐಬಿಎಂ ಕಂಪೆನಿಯೇ 1,565 ಡಾಲರುಗಳಿಂದ ಮೊದಲಾಗುವ ಬೆಲೆಗೆ ಮೇಜಿನ ಮೇಲಿಡುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಹೆಸರಿನಲ್ಲಿರುವ 'ಪರ್ಸನಲ್' ಎಂಬ ಮಾತಿಗೆ ಅಂದು ಪೂರ್ತಿ ಅರ್ಥವಿದ್ದಿತು. ಯಂತ್ರ ಕೊಂಡವನದು, ಅದರಲ್ಲಿ ಬರೆದಿಟ್ಟದ್ದೂ ಕೊಂಡವನದು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೆಟ್ಟರೂ ಅವನದೇ, ಸುಟ್ಟರೂ ಅವನದೇ.

ಆ ಪೆಟ್ಟಿಗೆ ಮೂವತ್ತು ವರ್ಷಗಳ ಕಾಲ ಮನೆಯ ಯಜಮಾನನಂತೆ ಮೆರೆಯಿತು. 2007ರಲ್ಲಿ ಐಫೋನ್ ಬಂದಾಗಲೂ ಅದರ ಅಧಿಕಾರಕ್ಕೆ ಕುಂದು ಬರಲಿಲ್ಲ. ಹೊಸ ಐಫೋನನ್ನು ಕೊಂಡವನು ಮೊದಲು ಅದನ್ನು ತಂತಿಯ ಮೂಲಕ ಗಣಕಯಂತ್ರಕ್ಕೆ ಜೋಡಿಸಬೇಕಾಗಿದ್ದಿತು. ಜೋಡಿಸದಿದ್ದರೆ ಕೂಸು ಉಸಿರಾಡುತ್ತಿರಲಿಲ್ಲ! 2011ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಐಕ್ಲೌಡನ್ನು ಪ್ರಕಟಿಸುತ್ತ, ಇನ್ನು ಮುಂದೆ ಗಣಕಯಂತ್ರವೂ ಫೋನಿನಂತೆ ಬರಿಯ ಒಂದು ಸಾಧನವಷ್ಟೇ ಎಂದು ಸಾರಿದರು. ಆ ವರ್ಷದ ಅಕ್ಟೋಬರಿನಲ್ಲಿ ಹೊಕ್ಕುಳಬಳ್ಳಿಯನ್ನು ಕತ್ತರಿಸಿದ್ದಾಯಿತು. ಗಣಕಯಂತ್ರದ ನೆರವಿಲ್ಲದೆಯೇ ಫೋನು ತಾನಾಗಿ ಎಚ್ಚೆತ್ತು ಕೆಲಸ ಮಾಡತೊಡಗಿತು. ಯಜಮಾನಿಕೆ ಪೆಟ್ಟಿಗೆಯಿಂದ ಮೋಡಕ್ಕೆ ಹೋಯಿತು.

ಜನರು ಒಪ್ಪಿದ್ದೇಕೆಂದು ಕೇಳಬೇಕಾದುದಿಲ್ಲ. ಡ್ರೂ ಹೂಸ್ಟನ್ ಎಂಬ ತರುಣ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ಬಸ್ಸಿನಲ್ಲಿ ಕುಳಿತ ಮೇಲೆ ಪೆನ್‌ಡ್ರೈವನ್ನು ಮನೆಯಲ್ಲಿಯೇ ಮರೆತುಬಂದದ್ದು ಅರಿವಾಗಿ, ಆ ಪೇಚಾಟದಲ್ಲಿಯೇ ಡ್ರಾಪ್‌ಬಾಕ್ಸ್‌ನ ಕಲ್ಪನೆ ಮೂಡಿತೆಂದು ಹೇಳಿಕೊಂಡಿದ್ದಾನೆ. 2008ರಲ್ಲಿ ಅದು ಸರ್ವರಿಗೂ ತೆರೆಯಿತು. ಇಲ್ಲಿ ಬರೆದದ್ದು ಅಲ್ಲಿ ಕಾಣುತ್ತದೆ. ಫೋನು ಕಳೆದುಹೋದರೂ ಚಿತ್ರಗಳು ಕಳೆಯುವುದಿಲ್ಲ. ಮನೆಯ ಹಾರ್ಡ್ ಡಿಸ್ಕು ಒಂದು ಬೆಳಗ್ಗೆ ಕಟಕಟನೆ ಸದ್ದುಮಾಡಿ ಪ್ರಾಣಬಿಟ್ಟಾಗ ಹತ್ತು ವರ್ಷಗಳ ಚಿತ್ರಗಳನ್ನು ಕಳೆದುಕೊಂಡ ಸಂಸಾರಗಳಿಗೆ ಇದು ವರವೆಂದೇ ತೋರಿತು. ಅದು ಸುಳ್ಳೂ ಅಲ್ಲ.

ವರಕ್ಕೆ ಷರತ್ತುಗಳು ಆಮೇಲೆ ಬಂದುವು. 2015ರಲ್ಲಿ ಗೂಗಲ್ ತನ್ನ ಫೋಟೋ ಸೇವೆಯನ್ನು ತೆರೆದಾಗ, ಚಿತ್ರಗಳ ಗಾತ್ರವನ್ನು ತುಸು ಕುಗ್ಗಿಸಲು ಒಪ್ಪಿದವರಿಗೆ ಎಷ್ಟು ಬೇಕಾದರೂ ಉಚಿತವಾಗಿ ಇಟ್ಟುಕೊಳ್ಳಿರೆಂದು ಹೇಳಿತು. ಜನರು ಇಟ್ಟರು. 2021ರ ಜೂನ್ 1ರಿಂದ ಆ ಔದಾರ್ಯ ಮುಗಿಯಿತು. ಅಲ್ಲಿಂದ ಮುಂದೆ ಇಟ್ಟದ್ದೆಲ್ಲ, ಪತ್ರ ಕಡತಗಳೂ ಸೇರಿದಂತೆ, 15 ಗಿಗಾಬೈಟುಗಳ ಲೆಕ್ಕದೊಳಗೆ, ಮಿಕ್ಕರೆ ಹಣ. ತಾತನವರ ಮೊಬೈಲು ಎಚ್ಚರಿಸಿದ್ದು ಇದನ್ನೇ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸುವ ಕ್ರಮವನ್ನೂ ಆ ಸಂಸ್ಥೆ 2023ರ ಡಿಸೆಂಬರಿನಲ್ಲಿ ಆರಂಭಿಸಿತು. ಬಾಡಿಗೆಮನೆಯ ಒಡೆಯನು ಕರಾರನ್ನು ಬದಲಿಸುವುದು ಅಪರೂಪವಲ್ಲ. ಆದರೆ ಬಾಡಿಗೆಮನೆಗೆ ಬಂದಿದ್ದೇವೆಂಬುದೇ ಈ ಬಾಡಿಗೆದಾರರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

ಹಾಗಾದರೆ ಮೇಜಿನ ಪೆಟ್ಟಿಗೆ ಸತ್ತಿತೆ? ಸಾಯಲಿಲ್ಲ. 2011ರಲ್ಲಿ ಜಗತ್ತಿನಲ್ಲಿ 35 ಕೋಟಿಗೂ ಮಿಕ್ಕು ಗಣಕಯಂತ್ರಗಳು ಮಾರಾಟಕ್ಕೆ ಬಂದಿದ್ದುವು; 2018ರ ವೇಳೆಗೆ ಆ ಸಂಖ್ಯೆ 26 ಕೋಟಿಯ ಆಸುಪಾಸಿಗೆ ಇಳಿಯಿತು. ಸಾಂಕ್ರಾಮಿಕದ ದಿನಗಳಲ್ಲಿ ಪಾಠವೂ ಕಚೇರಿಯೂ ಮನೆಗೇ ಬಂದಾಗ ಮತ್ತೆ ಮೇಲಕ್ಕೇರಿ, 2021ರಲ್ಲಿ 34 ಕೋಟಿಯ ಸಮೀಪಕ್ಕೆ ಹೋಗಿ, ಪುನಃ ಇಳಿಯಿತು. ಸ್ಮಾರ್ಟ್‌ಫೋನುಗಳಾದರೋ 2013ರಿಂದೀಚೆಗೆ ವರ್ಷಕ್ಕೆ ನೂರು ಕೋಟಿಗೂ ಹೆಚ್ಚು. ಭಾರತದಲ್ಲಿಯಂತೂ ಪೆಟ್ಟಿಗೆಯ ಮುಖವನ್ನೇ ಕಾಣದೆ ನೇರವಾಗಿ ಮೊಬೈಲಿಗೆ ಬಂದವರೇ ಬಹುಸಂಖ್ಯಾತರು. ಹೊಲಗದ್ದೆಗಳ ಕಾಲದಲ್ಲಿ ಲಾರಿಯಂತಹ ವಾಹನಗಳೇ ಹೆಚ್ಚಾಗಿದ್ದು, ಪಟ್ಟಣಗಳು ಬೆಳೆದಂತೆ ಕಾರುಗಳು ಹೆಚ್ಚಿದ ಹಾಗೆ, ಗಣಕಯಂತ್ರವೂ ಇನ್ನು ಲಾರಿಯಾಗಿ ಉಳಿಯುವುದೆಂದು ಜಾಬ್ಸ್ 2010ರಲ್ಲಿ ಹೋಲಿಕೆ ಕೊಟ್ಟಿದ್ದರು. ಹೋಲಿಕೆ ಒಪ್ಪತಕ್ಕದ್ದೇ. ಲೆಕ್ಕಪತ್ರ ಬರೆಯುವವರು, ಪ್ರಬಂಧ ಸಿದ್ಧಪಡಿಸುವ ವಿದ್ಯಾರ್ಥಿಗಳು, ಪುಸ್ತಕದ ಪುಟ ಕಟ್ಟುವವರು ಇಂದಿಗೂ ಲಾರಿಯನ್ನೇ ಆಶ್ರಯಿಸಿದ್ದಾರೆ. ಹೋಲಿಕೆಯಲ್ಲಿ ಬಿಟ್ಟುಹೋದದ್ದು ಒಂದೇ: ಲಾರಿಯಲ್ಲಿದ್ದ ಸರಕು ಲಾರಿಯಲ್ಲಿಯೇ ಉಳಿಯಲಿಲ್ಲ, ಅದೂ ಮೋಡಕ್ಕೇರಿತು.

ಏರಿದ್ದು ಹೇಗೆ ಇಳಿಯಬಹುದೆಂಬುದನ್ನು ದಕ್ಷಿಣ ಕೊರಿಯಾದವರು ಈಚೆಗೆ ಕಂಡರು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದಲ್ಲಿರುವ ಸರಕಾರದ ದತ್ತಾಂಶ ಕೇಂದ್ರದಲ್ಲಿ, ವಿದ್ಯುತ್ತಿನ ಆಸರೆಗಾಗಿ ಇರಿಸಿದ್ದ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆಯುತ್ತಿದ್ದಾಗ ಬೆಂಕಿ ಹೊತ್ತಿತು. ನೂರಾರು ಸರಕಾರಿ ಸೇವೆಗಳು ಒಮ್ಮೆಗೇ ನಿಂತುವು. ಹೆಚ್ಚಿನವು ಕ್ರಮೇಣ ಚೇತರಿಸಿಕೊಂಡುವು. ಚೇತರಿಸದೆ ಹೋದದ್ದು 'ಜಿ-ಡ್ರೈವ್' ಎಂಬ ಉಗ್ರಾಣ. ಲಕ್ಷಕ್ಕೂ ಮಿಕ್ಕ ನೌಕರರ ಕಡತಗಳು, 858 ಟೆರಾಬೈಟುಗಳಷ್ಟು, ಅದರಲ್ಲಿದ್ದುವು. ತಾತನವರ 15 ಗಿಗಾಬೈಟಿನಂತಹ ಖಾತೆಗಳನ್ನು ಐವತ್ತೇಳು ಸಾವಿರದಷ್ಟು ಅದರಲ್ಲಿ ತುಂಬಬಹುದಾಗಿದ್ದಿತು. ಗಾತ್ರ ಬಲು ದೊಡ್ಡದೆಂಬ ಕಾರಣದಿಂದ ಅದಕ್ಕೆ ಬೇರೆಡೆಯಲ್ಲಿ ಪ್ರತಿಯನ್ನೇ ಇಟ್ಟಿರಲಿಲ್ಲ! ಸಿಬ್ಬಂದಿ ನಿರ್ವಹಣೆಯ ಸಚಿವಾಲಯದ ನೌಕರರಂತೂ ಕಚೇರಿಯ ಗಣಕದಲ್ಲಿ ಏನನ್ನೂ ಉಳಿಸಿಕೊಳ್ಳದೆ ಸಮಸ್ತವನ್ನೂ ಜಿ-ಡ್ರೈವಿಗೇ ಒಪ್ಪಿಸುವ ಶಿಸ್ತನ್ನು ಪಾಲಿಸುತ್ತಿದ್ದರು. ವಿಧೇಯರೇ ಹೆಚ್ಚು ಕಳೆದುಕೊಂಡರು. ಕಡೆಗೆ ಅಳಿದುಳಿದುದನ್ನು ಹುಡುಕಲು ಹೊರಟಾಗ ದೊರೆತ ಆಕರಗಳಾದರೂ ಯಾವುವು? ಮೇಜಿನ ಗಣಕಗಳಲ್ಲಿ ಹೇಗೋ ಉಳಿದಿದ್ದ ಈಚಿನ ಕಡತಗಳು, ಮಿಂಚಂಚೆಗಳು, ಮುದ್ರಿಸಿಟ್ಟ ಕಾಗದಗಳು.

ಇಷ್ಟರಿಂದಲೇ ಹಳೆಯ ಪೆಟ್ಟಿಗೆಯ ಗುಣಗಾನಕ್ಕೆ ತೊಡಗಬೇಕಾಗಿಲ್ಲ. ಸ್ವಂತ ವಶದಲ್ಲಿದ್ದ ಮಾತ್ರಕ್ಕೆ ಕಡತ ಚಿರಂಜೀವಿಯಲ್ಲ. ಇದರ ಅನುಭವ ಕನ್ನಡದ ಲೇಖಕರಿಗೆ ಚೆನ್ನಾಗಿಯೇ ಉಂಟು. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಕಾದಂಬರಿಗಳನ್ನೂ ಪ್ರಬಂಧಗಳನ್ನೂ ಬೆರಳಚ್ಚು ಮಾಡಿಸಿ ಫ್ಲಾಪಿಗಳಲ್ಲಿ ಜೋಪಾನವಾಗಿ ಇರಿಸಿದವರು ಅನೇಕರು. ಫ್ಲಾಪಿಯನ್ನು ಓದುವ ಯಂತ್ರ ಇಂದು ಹುಡುಕಿದರೂ ಸಿಕ್ಕುವುದು ಕಷ್ಟ. ಸಿಕ್ಕಿದರೂ ತೊಡಕು ತೀರಲಿಲ್ಲ. ಅಂದಿನ ಕನ್ನಡ ತಂತ್ರಾಂಶಗಳು ತಮ್ಮ ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದುವು. ಯೂನಿಕೋಡ್ ಎಂಬ ಸಾಮಾನ್ಯ ಕ್ರಮ ನೆಲೆನಿಂತ ಮೇಲೆ ಆ ಕಡತವನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಎದುರಾಗುತ್ತದೆ. ಪರಿವರ್ತಿಸುವ ಸಾಧನಗಳುಂಟು, ಆದರೆ ಯಾರಾದರೂ ಕುಳಿತು ಒತ್ತಕ್ಷರಗಳನ್ನು ತಿದ್ದಬೇಕು. ಪೆಟ್ಟಿಗೆಯಾದರೂ ಸರಿ, ಮೋಡವಾದರೂ ಸರಿ, ನೋಡಿಕೊಳ್ಳುವವರೊಬ್ಬರು ಮನೆಯಲ್ಲಿರಬೇಕು.

ಅವರು ಇಲ್ಲವಾದಾಗ? ಹೆಚ್ಚಿನ ಸಂಸಾರಗಳು ಈ ಮಾತನ್ನು ಎತ್ತುವುದೇ ಇಲ್ಲ. 2004ರಲ್ಲಿ ಇರಾಕಿನ ಯುದ್ಧದಲ್ಲಿ ಮಡಿದ ಅಮೆರಿಕದ ಒಬ್ಬ ಸೈನಿಕನ ತಂದೆ, ಮಗನು ಬರೆದ ಮತ್ತು ಮಗನಿಗೆ ಬಂದ ಪತ್ರಗಳನ್ನು ಕೊಡಿರೆಂದು ಯಾಹೂ ಕಂಪೆನಿಯನ್ನು ಕೇಳಿದನು. ಖಾತೆಯ ಕರಾರು ಮಗನೊಡನೆ ಆದದ್ದು, ಅನ್ಯರಿಗೆ ಕೊಡುವಂತಿಲ್ಲ ಎಂದು ಕಂಪೆನಿ ಹೇಳಿತು. ತಂದೆ ಅನ್ಯನೆ? ಪ್ರಕರಣ ಮಿಷಿಗನ್ ರಾಜ್ಯದ ನ್ಯಾಯಾಲಯಕ್ಕೆ ಹೋಯಿತು. 2005ರ ಏಪ್ರಿಲಿನಲ್ಲಿ ನ್ಯಾಯಾಧೀಶರು ಆಜ್ಞೆಯಿತ್ತ ತರುವಾಯ ಪತ್ರಗಳು ಒಂದು ಸಿಡಿಯಲ್ಲಿ ಆತನ ಕೈಸೇರಿದುವು. ಮಗನು ಊರಿನಿಂದ ಬರೆದ ಕಾಗದಗಳು ಟ್ರಂಕಿನಲ್ಲಿದ್ದಿದ್ದರೆ ಆ ತಂದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಈಗ ಪರಿಸ್ಥಿತಿ ಕೊಂಚ ಸುಧಾರಿಸಿದೆ. ಖಾತೆ ಬಹುಕಾಲ ನಿಶ್ಚಲವಾಗಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಒಪ್ಪಿಸಬೇಕು ಎಂಬುದನ್ನು ಮೊದಲೇ ಬರೆದಿಡುವ ಅನುಕೂಲವನ್ನು ಗೂಗಲ್ 2013ರಲ್ಲಿ ಕಲ್ಪಿಸಿತು. ಬ್ಯಾಂಕಿನ ಖಾತೆಗೆ ತಪ್ಪದೆ ನಾಮಿನಿಯ ಹೆಸರು ಬರೆಯುವ ಗೃಹಸ್ಥರಲ್ಲಿ ಇದನ್ನು ತುಂಬಿದವರೆಷ್ಟು ಮಂದಿಯೋ! ಹೀಗೆಯೇ ಮೋಡದಲ್ಲಿರುವುದನ್ನೆಲ್ಲ ಒಟ್ಟಾಗಿ ಇಳಿಸಿಕೊಂಡು ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವ ದಾರಿಯೂ ಇದೆ. ರಜೆಗೆ ಬಂದ ಮೊಮ್ಮಗಳು ಒಂದು ಮಧ್ಯಾಹ್ನ ಕುಳಿತರೆ ಇದಿಷ್ಟಕ್ಕೂ ತಕ್ಕ ಏರ್ಪಾಡು ಮಾಡಬಲ್ಲಳು. ಮುಖ್ಯವಾದ ಐವತ್ತು ಚಿತ್ರಗಳನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸುವ ಕೆಲಸವನ್ನು ತಾತನವರು ತಾವೇ ವಹಿಸಿಕೊಳ್ಳಬಹುದು; ಯಾವ ಚಿತ್ರ ಮುಖ್ಯವೆಂಬುದು ಯಂತ್ರಕ್ಕಿಂತ ಅವರಿಗೆ ಚೆನ್ನಾಗಿ ಗೊತ್ತು.

ಆಪಲ್ ಸಂಸ್ಥೆಯೂ 2021ರ ಡಿಸೆಂಬರಿನಲ್ಲಿ ಇಂತಹದೇ ಉತ್ತರಾಧಿಕಾರಿಯ ವ್ಯವಸ್ಥೆಯನ್ನು ತಂದಿತು. ಹೆಸರಿಸಲ್ಪಟ್ಟವರು ಮರಣಪತ್ರವನ್ನೂ, ಮೊದಲೇ ಕೊಟ್ಟಿರುವ ಸಂಕೇತವನ್ನೂ ಒಪ್ಪಿಸಿದರೆ ಚಿತ್ರಗಳು, ಪತ್ರಗಳು, ಟಿಪ್ಪಣಿಗಳು ದೊರೆಯುತ್ತವೆ. ಅದಕ್ಕೆ ಮೂರು ವರ್ಷಗಳ ಅವಧಿ. ಆಮೇಲೆ ಖಾತೆಯನ್ನು ಶಾಶ್ವತವಾಗಿ ಅಳಿಸಲಾಗುತ್ತದೆ. ತೀರಿಕೊಂಡವರು ಹಣಕೊಟ್ಟು ಪಡೆದ ಪುಸ್ತಕಗಳು, ಸಂಗೀತ, ಚಲಚ್ಚಿತ್ರಗಳು ಮಾತ್ರ ಉತ್ತರಾಧಿಕಾರಿಗೆ ಬರುವುದಿಲ್ಲ. ಅವುಗಳನ್ನು ಅವರು ಕೊಂಡದ್ದೇ ಅಲ್ಲವಂತೆ. ಓದಲು, ಕೇಳಲು, ನೋಡಲು ಅನುಮತಿ ಪಡೆದಿದ್ದರಂತೆ.