ತೆರೆಯ ಮೇಲಣ ಮಲೆನಾಡು

ಸುಗ್ಗಿ ಮುಗಿದು ಅಡಿಕೆಯ ಮೂಟೆಗಳು ಮಂಡಿ ಸೇರಿದ ಮೇಲೆಯೇ ನಮ್ಮ ಕಡೆಯ ಬೆಳೆಗಾರನು ವರ್ಷದ ಲೆಕ್ಕಕ್ಕೆ ಕುಳಿತುಕೊಳ್ಳುವುದು. ಕೊಯ್ಲಿನ ಗದ್ದಲದ ನಡುವೆ ಹಾಕಿದ ಲೆಕ್ಕ ಸರಿಹೋಗುವುದಿಲ್ಲವೆಂಬುದು ಅವನ ಅನುಭವ. ಚಲಚ್ಚಿತ್ರಗಳ ವಿಷಯದಲ್ಲಿಯೂ ಈ ಮಾತು ನಿಜವೆಂದು ನನಗೆ ತೋರುತ್ತದೆ. ಡಿಸೆಂಬರಿನ ಕೊನೆಯ ವಾರದಲ್ಲಿ ಪ್ರಕಟವಾಗುವ ಪಟ್ಟಿಗಳಲ್ಲಿ ಹಣದ ಮೊತ್ತವೂ ನಟರ ಭಾವಚಿತ್ರಗಳೂ ಮುಂದೆ ಬಂದು ನಿಂತು, ಚಿತ್ರಗಳು ಅವುಗಳ ಹಿಂದೆ ಮರೆಯಾಗುತ್ತವೆ. ಆದ್ದರಿಂದ 2024ನೆಯ ಇಸವಿಯ ಚಿತ್ರಗಳನ್ನು ಕುರಿತು ಬರೆಯಲು ಸ್ವಲ್ಪ ಕಾಲ ಕಳೆಯಲೆಂದು ಕಾದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದ, ಸಿನಿಮಾದ ಹುಚ್ಚು ಇನ್ನೂ ಬಿಡದ ಒಬ್ಬ ಸಾಮಾನ್ಯ ಪ್ರೇಕ್ಷಕನ ಲೆಕ್ಕ ಇದು. ವಿಮರ್ಶಕರ ತಕ್ಕಡಿ ನನ್ನಲ್ಲಿಲ್ಲ.

ಆ ವರ್ಷದ ಮೊದಲರ್ಧದಲ್ಲಿ ದೊಡ್ಡ ನಟರ ಚಿತ್ರಗಳು ಬರಲಿಲ್ಲವೆಂದು ಚಿತ್ರಮಂದಿರಗಳವರು ಗೋಳಾಡಿದರು. ಆಗಸ್ಟ್ ತಿಂಗಳಿನಲ್ಲಿ ‘ಭೀಮ’, ‘ಕೃಷ್ಣಂ ಪ್ರಣಯ ಸಖಿ’ಗಳು ಬಂದವು, ದೀಪಾವಳಿಯ ಹೊತ್ತಿಗೆ ‘ಬಘೀರ’, ಆಮೇಲೆ ‘ಭೈರತಿ ರಣಗಲ್’, ವರ್ಷದ ಕೊನೆಗೆ ‘ಯುಐ’ ಮತ್ತು ‘ಮ್ಯಾಕ್ಸ್’. ಇವುಗಳಿಂದ ಟಿಕೆಟ್ ಕಿಟಕಿಯ ಮುಂದೆ ಮತ್ತೆ ಜನ ಕಂಡರು. ಅದೇ ಆಗಸ್ಟಿನಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ‘ಕಾಂತಾರ’ದ ಅಭಿನಯಕ್ಕಾಗಿ ರಿಷಬ್ ಶೆಟ್ಟಿಯವರು ಶ್ರೇಷ್ಠ ನಟರೆನಿಸಿದರು. ಅದಕ್ಕೂ ಮೊದಲು, ಮೇ ತಿಂಗಳಿನಲ್ಲಿ, ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿದ್ದ ಚಿದಾನಂದ ನಾಯ್ಕರ ಕನ್ನಡ ಕಿರುಚಿತ್ರವೊಂದು ಫ್ರಾನ್ಸಿನ ಕಾನ್ ಉತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳ ಮೊದಲ ಬಹುಮಾನವನ್ನು ಪಡೆಯಿತು. ಊರಿನ ಹುಂಜವನ್ನು ಮುದುಕಿಯೊಬ್ಬಳು ಕದ್ದೊಯ್ದುದರಿಂದ ಬೆಳಗೇ ಆಗದೆ ಹೋಯಿತೆಂಬ ನಮ್ಮ ಜನಪದ ಕಥೆಯೇ ಅದರ ವಸ್ತು. ಅಜ್ಜಿ ಹೇಳುವ ಕಥೆಗೂ ಅಷ್ಟು ದೂರ ಹೋಗುವ ಕಾಲ್ಬಲವಿದೆಯೆಂದು ಅದರಿಂದ ತಿಳಿಯಿತು.

ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ಮಲೆನಾಡಿನವನಾದ ನನಗೆ ಆ ವರ್ಷ ಮುಖ್ಯವೆನಿಸಿದ್ದು ಬೇರೊಂದು ಕಾರಣಕ್ಕೆ. ಅದನ್ನು ವಿವರಿಸುವ ಮೊದಲು ಚಿತ್ರರಂಗಕ್ಕೂ ನಮ್ಮ ನಾಡಿಗೂ ಇರುವ ಹಳೆಯ ಸಂಬಂಧವನ್ನು ಸ್ವಲ್ಪ ನೆನೆಯಬೇಕು.

ಮಲೆನಾಡು ಬಹುಕಾಲದಿಂದ ಚಿತ್ರರಂಗಕ್ಕೆ ಒಂದು ಹಿನ್ನೆಲೆಯ ಪರದೆಯಾಗಿ ಒದಗಿದೆ. ನಾಯಕನಿಗೆ ವಿರಹ ಬಂದರೆ ಮಂಜು ಬೇಕು, ಪ್ರೇಮ ಬಂದರೆ ಜಲಪಾತ ಬೇಕು. ‘ಮುಂಗಾರು ಮಳೆ’ 2006ರ ಕೊನೆಯಲ್ಲಿ ತೆರೆಗೆ ಬಂದ ಮೇಲೆ ಜೋಗವನ್ನು ಆ ಚಿತ್ರದಲ್ಲಿ ಕಂಡಂತೆಯೇ ಕಾಣಬೇಕೆಂದು ಬಂದವರಿಗೆ ಲೆಕ್ಕವಿಲ್ಲ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಶಂಕರನಾಗ್ ಅವರು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಡಿದಾಗ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯು ಆರ್. ಕೆ. ನಾರಾಯಣರ ಕಲ್ಪನೆಯ ಊರಾಯಿತು. ಹೊಸನಗರ ತಾಲ್ಲೂಕಿನ ಅರಸಾಳು ಆ ಊರಿನ ರೈಲುನಿಲ್ದಾಣವಾಯಿತು. ಆ ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಇದರಲ್ಲಿ ನನಗೆ ಅಸಮಾಧಾನವೇನೂ ಇಲ್ಲ. ಆ ಧಾರಾವಾಹಿಯನ್ನು ನಾನು ಎಷ್ಟು ಬಾರಿ ನೋಡಿದ್ದೇನೆಯೋ! ಆದರೂ ಅರಸಾಳಿನ ಮುಂದೆ ಹಾದುಹೋಗುವಾಗಲೆಲ್ಲ ಒಂದು ವಿಚಾರ ಸುಳಿಯುತ್ತದೆ. ಇಲ್ಲದ ಊರೊಂದರ ನೆನಪನ್ನು ಇರುವ ಊರು ಇಷ್ಟು ಪ್ರೀತಿಯಿಂದ ಕಾಯುತ್ತಿದೆಯಲ್ಲ, ಇರುವ ಊರಿನ ಕಥೆಯನ್ನು ಯಾರು ಕಾಯುತ್ತಾರೆ?

2024ರ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ, ಒಂದರ ಹಿಂದೆ ಒಂದರಂತೆ, ಇರುವ ಊರಿನ ಕಥೆಯನ್ನೇ ಹೇಳಹೊರಟ ಎರಡು ಚಿತ್ರಗಳು ಬಂದವು. ಮೊದಲನೆಯದು ಸಂದೀಪ್ ಸುಂಕದ ಅವರು ನಿರ್ದೇಶಿಸಿದ ‘ಶಾಖಾಹಾರಿ’. ಕಥೆ ನಡೆಯುವುದು ತೀರ್ಥಹಳ್ಳಿಯ ಕಡೆಯಲ್ಲಿ. ಸಸ್ಯಾಹಾರಿ ಹೋಟೆಲು ನಡೆಸುವ ಒಂಟಿ ಮನುಷ್ಯ ಸುಬ್ಬಣ್ಣ. ಅವನ ಆಶ್ರಯಕ್ಕೆ ಬರುವ, ಪೊಲೀಸರಿಗೆ ಬೇಕಾದ ಗಾಯಾಳು ಯುವಕ. ಅಲ್ಲಿಂದ ಬೆಳೆಯುವ ಭಯ. ವಸ್ತು ಪತ್ತೇದಾರಿ ಕಾದಂಬರಿಯದು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಪತ್ತೆಯ ಚಾತುರ್ಯವಲ್ಲ, ಆ ಹೋಟೆಲು. ಮಸಿ ಹಿಡಿದ ಗೋಡೆ, ಬೆಂಕಿಯ ಮುಂದಿನ ದುಡಿಮೆ, ಬಂದವರಿಗೆಲ್ಲ ನಗುಮುಖ ತೋರಿ ತನ್ನ ಒಳಗನ್ನು ಯಾರಿಗೂ ತೋರದ ಯಜಮಾನ. ಇಂಥ ಹೋಟೆಲಿನಲ್ಲಿ ಒಮ್ಮೆಯಾದರೂ ದೋಸೆ ತಿನ್ನದವನು ನಮ್ಮ ಪೇಟೆಗಳಲ್ಲಿ ಸಿಕ್ಕುವುದಿಲ್ಲ. ರಂಗಾಯಣ ರಘು ಅವರು ಸುಬ್ಬಣ್ಣನನ್ನು ಮಾತಿಗಿಂತ ಹೆಚ್ಚಾಗಿ ಮೌನದಿಂದ ಕಟ್ಟಿದ್ದಾರೆ. ಅನೇಕ ಚಿತ್ರಗಳಲ್ಲಿ ಹಾಸ್ಯದ ಅಬ್ಬರಕ್ಕೆ ಬಳಸಿಕೊಂಡ ನಟನೊಬ್ಬನ ಶಕ್ತಿ ಎಷ್ಟೆಂಬುದು ಇಲ್ಲಿ ಕಂಡಿತು. ಕಥೆಯ ಕೊನೆಗೆ ಆಕಸ್ಮಿಕಗಳು ಸ್ವಲ್ಪ ಹೆಚ್ಚಾದವೆಂದು ಹೇಳಬಹುದಾದರೂ ಅದರಿಂದ ಚಿತ್ರದ ಬೆಲೆ ಬಹಳ ಕುಂದುವುದಿಲ್ಲ.

ಎರಡನೆಯದು ರಾಜ್‌ಗುರು ಅವರ ‘ಕೆರೆಬೇಟೆ’. ಬೇಸಗೆಯಲ್ಲಿ ಕೆರೆಯ ನೀರು ತಗ್ಗಿದಾಗ, ಗೊತ್ತಾದ ದಿನ ಸುತ್ತಲಿನ ಜನರೆಲ್ಲ ಕೂಣಿ ಹಿಡಿದು ಒಮ್ಮೆಗೇ ನೀರಿಗಿಳಿಯುವ ಈ ಮೀನುಬೇಟೆಯನ್ನು ಸಾಗರ, ಸೊರಬದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬಿದಿರಿನ ಆ ಕೂಣಿ, ಕೆಸರಾದ ಮೈ, ದಡದಲ್ಲಿ ನಿಂತವರ ಕೇಕೆ ಇವು ತೆರೆಯ ಮೇಲೆ ಮೂಡಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಚಿತ್ರದ ನಾಯಕ ನಾಗ ಮರಗಳ್ಳತನ ಮಾಡಿ ಸೆರೆಮನೆ ಕಂಡು ಬಂದವನು. ಅವನಿಗೂ ಅವನು ಮೆಚ್ಚಿದ ಹುಡುಗಿಗೂ ನಡುವೆ ಜಾತಿ ನಿಲ್ಲುತ್ತದೆ. ಹಿಂಡು ಹಿಂಡಾಗಿ ನುಗ್ಗಿ ಹಿಡಿಯುವ ಬೇಟೆಯ ಕ್ರೌರ್ಯವು ಕೆರೆಯಿಂದ ಮೇಲೆದ್ದು ಮನೆಗಳೊಳಕ್ಕೆ ಬರುವ ಬಗೆಯನ್ನು ಚಿತ್ರ ತೋರಿಸುತ್ತದೆ. ಹೊಡೆದಾಟಗಳ ವಿಷಯದಲ್ಲಿ ಅದು ಮಾರುಕಟ್ಟೆಗೆ ಸಲ್ಲಿಸಿದ ಕಪ್ಪ ಕಡಿಮೆಯದಲ್ಲ. ಹಾಗಿದ್ದೂ ಆ ವರ್ಷದ ನವೆಂಬರಿನಲ್ಲಿ ಗೋವೆಯ ಅಂತಾರಾಷ್ಟ್ರೀಯ ಉತ್ಸವದ ಭಾರತೀಯ ಪನೋರಮಾ ವಿಭಾಗಕ್ಕೆ ಅದು ಆಯ್ಕೆಯಾದುದು ನ್ಯಾಯವೇ ಆಯಿತು.

ಈ ಎರಡು ಚಿತ್ರಗಳೂ ದೋಷರಹಿತವೆಂದು ನಾನು ಹೇಳುತ್ತಿಲ್ಲ. ಆದರೆ ಇವುಗಳಲ್ಲಿ ಮಲೆನಾಡಿನ ಜನ ಹಾಡಿನ ಹಿಂದೆ ಕುಣಿಯುವ ಗುಂಪಾಗಿ ಬರುವುದಿಲ್ಲ. ಅವರಿಗೆ ಕಸುಬಿದೆ, ಸಾಲವಿದೆ, ಜಾತಿಯಿದೆ, ತಮ್ಮದೇ ಆದ ಮಾತಿನ ರಾಗವಿದೆ. ಮಳೆಯೂ ಅಷ್ಟೇ, ಅದು ಅವರ ಬಟ್ಟೆಯನ್ನು ಒಣಗಗೊಡದ, ದಾರಿಯನ್ನು ಕೆಡಿಸುವ ನಿಜವಾದ ಮಳೆ. ಹಿನ್ನೆಲೆಯ ಪರದೆಯಾಗಿದ್ದ ನಾಡು ಮುಂದೆ ಬಂದು ಮಾತನಾಡಿತು.

ಇದು ಹೊಸದೆಂದು ಭಾವಿಸುವ ತರುಣ ಮಿತ್ರರಿಗೆ ಅದೇ ವರ್ಷದ ಇನ್ನೊಂದು ಘಟನೆಯನ್ನು ನೆನಪಿಸಬೇಕು. ಆಗಸ್ಟ್ ಕೊನೆಗೆ ಆರಂಭವಾದ ವೆನಿಸ್ ಚಲನಚಿತ್ರೋತ್ಸವದಲ್ಲಿ, ಜಗತ್ತಿನ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ, ‘ಘಟಶ್ರಾದ್ಧ’ದ ಜೀರ್ಣೋದ್ಧಾರಗೊಂಡ ಪ್ರತಿಯನ್ನು ತೋರಿಸಿದರು. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೀಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಷನ್ನೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ನೂ ಕೂಡಿ ಮಾಡಿದ ಕೆಲಸವದು. ಚಿತ್ರದ ಕಥೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರದು, 1977ರಲ್ಲಿ ಅದನ್ನು ತಮ್ಮ ಮೊದಲ ಚಿತ್ರವಾಗಿ ನಿರ್ದೇಶಿಸಿದವರು ಅದೇ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರು. ವೇದಪಾಠಕ್ಕೆಂದು ಉಡುಪರ ಮನೆಗೆ ಬಂದ ಹುಡುಗ ನಾಣಿ, ಅವನನ್ನು ಅಕ್ಕರೆಯಿಂದ ಕಾಣುವ ವಿಧವೆ ಯಮುನಾ, ಅವಳು ಗರ್ಭಿಣಿಯಾದಾಗ ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಹೊರಗಟ್ಟುವ ಅಗ್ರಹಾರ. ಬಿ. ವಿ. ಕಾರಂತರ ಸಂಗೀತ ಮತ್ತು ಎಸ್. ರಾಮಚಂದ್ರರ ಕಪ್ಪು ಬಿಳುಪಿನ ಛಾಯಾಗ್ರಹಣದಲ್ಲಿ ಆ ಕಥೆ ಹುಡುಗನ ಕಣ್ಣುಗಳ ಮೂಲಕ ನಮ್ಮೆದೆಗೆ ನಾಟುತ್ತದೆ.

ವಾಚಕರು ಈಗ ‘ಘಟಶ್ರಾದ್ಧ’ವನ್ನೂ ‘ಕೆರೆಬೇಟೆ’ಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ವಿನಂತಿ. ಎರಡರ ನಡುವೆ ನಲವತ್ತೇಳು ವರ್ಷಗಳು. ಒಂದು ಅಗ್ರಹಾರದ ಕಥೆ, ಇನ್ನೊಂದು ಕೆರೆಯ ದಡದ್ದು. ಒಂದು ಪಿಸುಮಾತಿನ ಚಿತ್ರ, ಇನ್ನೊಂದು ಕೂಗಿನದು. ಆದರೂ ಪ್ರೇಮಿಸಿದ ಹೆಣ್ಣಿನ ಮೇಲೆ ಕುಲದ ಮಾನದ ಹೊರೆಯನ್ನೆಲ್ಲ ಹೊರಿಸಿ, ಅವಳನ್ನೇ ಬಲಿಗೊಡುವ ಸಮಾಜ ಎರಡರಲ್ಲಿಯೂ ಒಂದೇ. ಮಡಿಯ ಜನ ಮಾಡಿದ್ದನ್ನು ಕಾಲಾಂತರದಲ್ಲಿ ಬೇರೆಯವರೂ ಕಲಿತಿದ್ದಾರೆ. ಅದನ್ನು ನೋಡಿ ಸಿನಿಮಾ ಮುನ್ನಡೆಯಿತೆಂದು ಸಂತೋಷಪಡಬೇಕೋ ನಾಡು ನಿಂತಲ್ಲೇ ನಿಂತಿತೆಂದು ಕೊರಗಬೇಕೋ ತಿಳಿಯದಾಗುತ್ತದೆ.

ಇಂಥ ಪ್ರಶ್ನೆಗಳನ್ನು ಕೇಳುವ ಚಿತ್ರಗಳಿಗೆ ನಮ್ಮ ಮಣ್ಣು ಕೊಟ್ಟದ್ದು ಸ್ವಲ್ಪವಲ್ಲ. ರಾಷ್ಟ್ರದ ಶ್ರೇಷ್ಠ ಕಥಾಚಿತ್ರವೆಂಬ ಗೌರವ ಕನ್ನಡ ಚಿತ್ರಗಳಿಗೆ ಆರು ಬಾರಿ ಸಂದಿದೆ: 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, 1986ರ ‘ತಬರನ ಕಥೆ’, 1997ರ ‘ತಾಯಿ ಸಾಹೇಬ’, 2001ರ ‘ದ್ವೀಪ’. ಆರರಲ್ಲಿ ನಾಲ್ಕರ ಕಥೆಗಳು ನಮ್ಮ ಸೀಮೆಯ ಲೇಖಕರವು. ಎರಡು ಅನಂತಮೂರ್ತಿಯವರವು; ಒಂದು ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರದು; ಒಂದು ಸಾಗರದ ನಾ. ಡಿಸೋಜ ಅವರದು. ನಾಲ್ಕನ್ನು ನಿರ್ದೇಶಿಸಿದವರು ಕಾಸರವಳ್ಳಿಯವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಶರಾವತಿಯ ಹಿನ್ನೀರಿಗೆ ಸರಿದುವಲ್ಲ, ಆ ದುಃಖವನ್ನು ಊರು ಬಿಟ್ಟವರ ಪರವಾಗಿ ಜೀವಮಾನವಿಡೀ ಬರೆದವರು ಡಿಸೋಜ ಅವರು. ಅವರು 2025ರ ಜನವರಿ 5ರಂದು ತೀರಿಕೊಂಡರು. ನೀರು ಏರುತ್ತಿರುವ ಗುಡ್ಡದ ಮೇಲೆ ಉಳಿದ ಗಣಪ, ನಾಗಿಯರನ್ನು ನಾವು ‘ದ್ವೀಪ’ದಲ್ಲಿ ಕಂಡೆವು. ಆ ಚಿತ್ರವನ್ನು ನಿರ್ಮಿಸಿ ನಾಗಿಯಾಗಿ ಅಭಿನಯಿಸಿದ ಸೌಂದರ್ಯ ಅವರೂ 2004ರಲ್ಲಿಯೇ ಅಗಲಿದ್ದಾರೆ.

ಇಷ್ಟನ್ನು ಕೊಟ್ಟ ನಾಡಿನಲ್ಲಿ ಇವುಗಳನ್ನು ನೋಡುವವರು ಯಾರು, ಎಲ್ಲಿ? ನನ್ನ ವರ್ಷದ ಲೆಕ್ಕದಲ್ಲಿ ನಷ್ಟದ ಬಾಬು ಇರುವುದು ಇಲ್ಲಿ. ಮೇಲೆ ಹೇಳಿದ ಎರಡು ಹೊಸ ಚಿತ್ರಗಳಲ್ಲಿ ಒಂದನ್ನು ನಾನು ನಮ್ಮ ಕಡೆಯ ಪೇಟೆಯೊಂದರ ಚಿತ್ರಮಂದಿರದಲ್ಲಿ ನೋಡಿದೆ. ಮಧ್ಯಾಹ್ನದ ಆಟಕ್ಕೆ ಬಂದವರನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಮುಂದಿನ ಶುಕ್ರವಾರ ಚಿತ್ರ ಅಲ್ಲಿರಲಿಲ್ಲ. ಕಾಲೇಜಿನ ಹುಡುಗನೊಬ್ಬನನ್ನು ವಿಚಾರಿಸಿದರೆ, “ಎರಡು ತಿಂಗಳಲ್ಲಿ ಮೊಬೈಲಿಗೇ ಬರ್ತದಲ್ಲ ಸಾರ್” ಎಂದ. ವೆನಿಸಿನವರು ಎದ್ದುನಿಂತು ಗೌರವಿಸುವಂಥ ‘ಘಟಶ್ರಾದ್ಧ’ವನ್ನು ದೊಡ್ಡ ತೆರೆಯ ಮೇಲೆ ನೋಡುವ ಯೋಗ ಆ ವರ್ಷ ನನಗೆ ನಮ್ಮೂರಿನಲ್ಲಿ ಕೂಡಿಬರಲಿಲ್ಲ.

ಹುಡುಗನ ಮಾತನ್ನು ತಳ್ಳಿಹಾಕಲಾರೆ. ಬಸ್ಸು ತಪ್ಪಿದರೆ ಮನೆ ಸೇರಲಾಗದ ಹಳ್ಳಿಯವನಿಗೆ ಅಂಗೈಯಲ್ಲಿ ಬರುವ ಚಿತ್ರ ದೊಡ್ಡ ಉಪಕಾರವೇ. ಆದರೆ ಒಬ್ಬನೇ ಕಂಬಳಿ ಹೊದ್ದು ನೋಡುವುದಕ್ಕೂ ಊರೆಲ್ಲ ಕೂಡಿ ನೋಡುವುದಕ್ಕೂ ಅಂತರವಿದೆ. ಯಮುನೆಯನ್ನು ಹೊರಹಾಕಿದ್ದು ಒಬ್ಬ ಮನುಷ್ಯನಲ್ಲ, ಊರು. ಆ ದೃಶ್ಯವನ್ನು ಊರೇ ಒಟ್ಟಾಗಿ ಕುಳಿತು ನೋಡಿದಾಗ ಕತ್ತಲೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ ಪಕ್ಕದವರ ನಿಟ್ಟುಸಿರು ಕೇಳುತ್ತದೆ. ದೀಪ ಬೆಳಗಿದ ಮೇಲೆ ಮಾತು ಹುಟ್ಟುತ್ತದೆ. ಅಂಥ ಮಾತಿನಿಂದ ಬದಲಾದ ಮನೆಗಳನ್ನು ನಾನು ಬಲ್ಲೆ.

ಇದು ಆಗದ ಕೆಲಸವೆನ್ನುವವರು ಸಾಗರದ ಹತ್ತಿರದ ಹೆಗ್ಗೋಡನ್ನು ನೆನೆಯಬೇಕು. 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ಸುಲಿಯುವ ಕೈಗಳ ಜನಕ್ಕೆ ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳನ್ನು ತೋರಿಸಿತು. ಸತೀಶ್ ಬಹಾದುರ್ ಅವರಂಥ ಪ್ರಾಧ್ಯಾಪಕರು ಪುಣೆಯಿಂದ ಬಂದು ಚಿತ್ರವನ್ನು ನೋಡುವ ಬಗೆಯನ್ನು ಪಾಠ ಹೇಳಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎಂದು ಪೇಟೆಯವರು ಸಂಶಯಪಟ್ಟಾಗ ಕೆ. ವಿ. ಸುಬ್ಬಣ್ಣನವರು ವಾದಕ್ಕೆ ಹೋಗದೆ ಚಿತ್ರವನ್ನೇ ತೋರಿಸಿದರು. ಆಗ ರೀಲಿನ ಪೆಟ್ಟಿಗೆಗಳು ದೂರದಿಂದ ಬರಬೇಕಾಗಿತ್ತು, ಯಂತ್ರ ಕೆಟ್ಟರೆ ರಿಪೇರಿಗೆ ಜನವಿರಲಿಲ್ಲ. ಈಗ ಪ್ರತಿಯೊಂದು ಕಾಲೇಜಿನಲ್ಲಿಯೂ ಪ್ರೊಜೆಕ್ಟರಿದೆ, ಬಿಳಿಯ ಗೋಡೆಯಿದೆ. ಇಲ್ಲದಿರುವುದು ಸಂಜೆ ಎರಡು ಗಂಟೆ ಬಾಗಿಲು ತೆರೆದಿಡುವ ಮನಸ್ಸು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೇಳಿಕೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳು ತಿಂಗಳಿಗೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಲಿ. ಹಕ್ಕು ಪಡೆದವರ ಅನುಮತಿಯನ್ನು ಕ್ರಮವಾಗಿ ಕೇಳಿ ಪಡೆದು, ಮೊದಲ ವರ್ಷ ನಮ್ಮ ನೆಲದ ಚಿತ್ರಗಳನ್ನೇ ತೋರಿಸಲಿ: ‘ಸಂಸ್ಕಾರ’ದಿಂದ ಆರಂಭಿಸಿ ‘ಕೆರೆಬೇಟೆ’ಯವರೆಗೆ. ವಿದ್ಯಾರ್ಥಿಗಳ ಜೊತೆಗೆ ಅವರ ತಾಯಂದಿರನ್ನೂ ಊರಿನ ಹಿರಿಯರನ್ನೂ ಕರೆಯಲಿ. ಚಿತ್ರ ಮುಗಿದ ಮೇಲೆ ಒಂದು ಲೋಟ ಕಾಫಿ ಕೊಟ್ಟು ಅರ್ಧ ಗಂಟೆ ಮಾತಾಡಲು ಬಿಡಲಿ, ಭಾಷಣಕಾರರ ಅಗತ್ಯವಿಲ್ಲ. ‘ದ್ವೀಪ’ವನ್ನು ತೋರಿಸುವ ದಿನ ಹಿನ್ನೀರಿನಿಂದ ಎದ್ದುಬಂದ ಕುಟುಂಬಗಳವರು ಮುಂದಿನ ಸಾಲಿನಲ್ಲಿ ಕುಳಿತಿರಲಿ. ಅವರ ಕಥೆಯನ್ನು ದೆಹಲಿಯವರು ನೋಡಿ ಮೆಚ್ಚಿ ಬಹುಮಾನ ಕೊಟ್ಟು ಎಷ್ಟೋ ವರ್ಷಗಳಾದವು. ಅದು ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಅವರು.